ಐವರು ಒಂದೇ ಮಾತು ಹೇಳಿದಾಗ

ವಿದ್ಯಾರ್ಥಿವೇತನಕ್ಕೆ ಅರ್ಹರನ್ನು ಆರಿಸುವ ಸಮಿತಿಯೊಂದರಲ್ಲಿ ಕೆಲವು ಕಾಲ ಟಿಪ್ಪಣಿ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಅಂಕ ಕೊಡುವ ಅಧಿಕಾರ ನನಗಿರಲಿಲ್ಲ. ಐವರು ಸದಸ್ಯರು ಹೇಳಿದ ಅಂಕಗಳನ್ನು ಬರೆದುಕೊಂಡು, ಕೂಡಿಸಿ, ಐದರಿಂದ ಭಾಗಿಸಿ, ಪಟ್ಟಿ ಮಾಡಿಕೊಟ್ಟರೆ ಮುಗಿಯಿತು. ಐವರೂ ಶ್ರದ್ಧೆಯ ಜನ. ಅರ್ಜಿಗಳನ್ನು ಮನೆಯಲ್ಲೇ ಓದಿಕೊಂಡು ಬಂದಿರುತ್ತಿದ್ದರು. ಅಧ್ಯಕ್ಷರು ಒಂದೊಂದು ಅರ್ಜಿಯನ್ನೂ ಕೈಗೆತ್ತಿಕೊಂಡು, ಪಕ್ಕದಲ್ಲಿ ಕುಳಿತ ಎಲ್ಲರಿಗಿಂತ ಹಿರಿಯ ಸದಸ್ಯರತ್ತ ತಿರುಗಿ, "ನೀವೇ ಶುರು ಮಾಡಿ ಸರ್" ಎನ್ನುತ್ತಿದ್ದರು. ವಯಸ್ಸಿಗೆ ಕೊಡುವ ಮರ್ಯಾದೆ ಅದು, ಬೇರೇನೂ ಅಲ್ಲ. ಒಂದು ಅರ್ಜಿಗೆ ಆ ಹಿರಿಯರು ಸ್ವಲ್ಪ ಯೋಚಿಸಿ "ಎಂಟು ಕೊಡಬಹುದು" ಎಂದರು. ಮುಂದಿನವರು "ನನ್ನದೂ ಎಂಟೇ" ಎಂದರು. ಅಧ್ಯಕ್ಷರು ಏಳೂವರೆ, ಅವರ ಆಚೆಯವರು ಎಂಟು. ಕೊನೆಯಲ್ಲಿ ಕುಳಿತ ಸದಸ್ಯೆ ತಮ್ಮ ಹಾಳೆಯನ್ನು ಒಮ್ಮೆ ನೋಡಿಕೊಂಡು "ಏಳು" ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮಲ್ಲಿ ಎಷ್ಟು ಹೊಂದಾಣಿಕೆ ಇದೆ ನೋಡಿ ಎಂದು ಯಾರೋ ಸಂತೋಷದಿಂದ ಹೇಳಿದ್ದೂ ನೆನಪಿದೆ.

ಸಭೆ ಮುಗಿದ ಮೇಲೆ ಕಡತಕ್ಕೆ ಸೇರಿಸಲೆಂದು ಎಲ್ಲರ ಪ್ರತಿಗಳನ್ನೂ ಒಟ್ಟುಮಾಡಿಕೊಂಡೆ. ಅವುಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಅಂಕಿ ಇತ್ತು, ಮನೆಯಲ್ಲಿ ಓದುವಾಗ ಹಾಕಿಕೊಂಡದ್ದು. ಹಿರಿಯರ ಹಾಳೆಯಲ್ಲಿ ಎಂಟು. "ನನ್ನದೂ ಎಂಟೇ" ಎಂದವರ ಹಾಳೆಯಲ್ಲಿ ಐದೂವರೆ. ಅಧ್ಯಕ್ಷರದ್ದು ಆರು, ನಾಲ್ಕನೆಯವರದ್ದು ಒಂಬತ್ತು. ಕೊನೆಯ ಸದಸ್ಯೆ ನಾಲ್ಕು ಎಂದು ಬರೆದು ಅದರ ಕೆಳಗೆ ಒಂದು ಸಾಲು ಸೇರಿಸಿದ್ದರು: "ಅರ್ಜಿ ಮತ್ತು ಶಿಫಾರಸು ಪತ್ರ ಎರಡರ ಬರವಣಿಗೆಯೂ ಒಬ್ಬರದೇ ಎನಿಸುತ್ತದೆ, ವಿಚಾರಿಸಬೇಕು." ಆ ಸಾಲಿನ ಒಂದು ಪದವೂ ಸಭೆಯಲ್ಲಿ ಬಾಯಿಗೆ ಬಂದಿರಲಿಲ್ಲ. ಹಾಳೆಗಳ ಮೇಲಿನ ಸರಾಸರಿ ಆರೂವರೆ. ನಾನು ಬರೆದುಕೊಟ್ಟ ಪಟ್ಟಿಯಲ್ಲಿ 7.7. ಆ ವಿದ್ಯಾರ್ಥಿಗೆ ನ್ಯಾಯವಾಗಿ ಎಷ್ಟು ಸಲ್ಲಬೇಕಿತ್ತು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡೋಣ. ನನ್ನನ್ನು ಕಾಡಿದ್ದು ಬೇರೆ. ಐದು ಜನ ಐದು ಮನೆಗಳಲ್ಲಿ ಕುಳಿತು ನಾಲ್ಕರಿಂದ ಒಂಬತ್ತರವರೆಗೆ ಹರಡಿಕೊಂಡಿದ್ದ ಐದು ಓದುಗಳನ್ನು ತಂದಿದ್ದರು. ಕೋಣೆಯೊಳಗೆ ಅವು ಒಂದು ಓದಾಗಿ ಕುಗ್ಗಿದವು. ನಾನು ಐದರಿಂದ ಭಾಗಿಸಿದ್ದು ಹೆಚ್ಚುಕಡಿಮೆ ಒಬ್ಬರ ಅಭಿಪ್ರಾಯವನ್ನೇ. ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ, ಯಾರಿಗೂ ಸ್ವಾರ್ಥವಿರಲಿಲ್ಲ. ಹಾಗಿದ್ದೂ ಇದು ಹೇಗೆ ನಡೆಯಿತು, ನಡೆಯದಂತೆ ಮಾಡಲು ಸಾಧ್ಯವೇ ಎಂಬ ಕುತೂಹಲ ನನ್ನನ್ನು ಮನಃಶಾಸ್ತ್ರದ ಒಂದು ಹಳೆಯ ಸಂಶೋಧನಾ ಪರಂಪರೆಯ ಬಳಿಗೆ ಕರೆದೊಯ್ದಿತು.

ಎತ್ತಿನ ತೂಕ, ಮತ್ತು ಚೀಟಿ

ಆ ಪರಂಪರೆಯ ಮೊದಲ ಕಥೆಯನ್ನು ಬಹಳ ಮಂದಿ ಕೇಳಿಯೇ ಇರುತ್ತೀರಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕೊಂದು ಹಸನು ಮಾಡಿದ ಮೇಲೆ ಅದರ ಮಾಂಸ ಎಷ್ಟು ತೂಗುತ್ತದೆ ಎಂದು ಊಹಿಸುವ ಸ್ಪರ್ಧೆ ಇಟ್ಟಿದ್ದರು. ಚೀಟಿಗೆ ಆರು ಪೆನ್ಸ್, ಹತ್ತಿರದ ಊಹೆಗೆ ಬಹುಮಾನ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ಕೇಳಿ ತರಿಸಿಕೊಂಡರು. ಓದಲಾಗದವನ್ನು ತೆಗೆದ ಮೇಲೆ ಉಳಿದದ್ದು 787. ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಸರಿಯಾಗಿ ನಡುವಿನ ಚೀಟಿಯನ್ನು ನೋಡಿದರೆ 1207 ಪೌಂಡ್. ನಿಜವಾದ ತೂಕ 1198 ಪೌಂಡ್. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. 1907ರ ಮಾರ್ಚಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು, ಆಗ ಅವರಿಗೆ 85 ವರ್ಷ. ಸರಾಸರಿ ಎಷ್ಟು ಎಂದು ಓದುಗರು ಕೇಳಿದ್ದಕ್ಕೆ ಅದೇ ತಿಂಗಳು ಇನ್ನೊಂದು ಪತ್ರ ಬರೆದು 1197 ಎಂದು ತಿಳಿಸಿದರು, ಅಂದರೆ ಒಂದೇ ಪೌಂಡು ಆಚೀಚೆ. ಮನುಷ್ಯರಲ್ಲಿ ಹುಟ್ಟಿನಿಂದಲೇ ಮೇಲುಕೀಳು ಇದೆ, 'ಉತ್ತಮ' ಸಂತತಿಯನ್ನು ಬೆಳೆಸಬೇಕು ಎಂದು ಜೀವಮಾನವೆಲ್ಲ ವಾದಿಸಿದ ಮನುಷ್ಯ, ಸಾಮಾನ್ಯರ ತೀರ್ಪು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿದೆ ಎಂದು ಆ ಲೇಖನದಲ್ಲಿ ಬರೆಯಬೇಕಾಯಿತು. ಲೆಕ್ಕದ ಮುಂದೆ ತನ್ನ ಪೂರ್ವಗ್ರಹವನ್ನು ಅಷ್ಟರ ಮಟ್ಟಿಗೆ ಬದಿಗಿಟ್ಟದ್ದಕ್ಕೆ ಅವರನ್ನು ಮೆಚ್ಚುತ್ತೇನೆ. ಅವರ ಉಳಿದ ಸಿದ್ಧಾಂತಕ್ಕೆ ಕ್ಷಮೆಯಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ "ಜನ ಜಾಣರು" ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅದು ಅವಸರದ ತೀರ್ಮಾನ ಎಂದು ನನ್ನ ಭಾವನೆ. ಮೊದಲನೆಯದಾಗಿ, ಅಲ್ಲಿದ್ದವರಲ್ಲಿ ಎತ್ತುಗಳನ್ನು ದಿನವೂ ನೋಡುತ್ತಿದ್ದ ರೈತರೂ ಕಸಾಯಿಗಳೂ ಇದ್ದರು. ಏನೂ ತಿಳಿಯದವರ ಸಂತೆ ಅದಾಗಿರಲಿಲ್ಲ. ಆರು ಪೆನ್ಸಿನ ಶುಲ್ಕ ತಮಾಷೆಗೆ ಬರೆಯುವವರನ್ನು ದೂರವಿಟ್ಟಿತು ಎಂದು ಗಾಲ್ಟನ್ನರೇ ಗಮನಿಸಿದ್ದರು. ಎರಡನೆಯದು ಇನ್ನೂ ಮುಖ್ಯ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದರು. ಎತ್ತಿನ ಸುತ್ತ ಎಲ್ಲರನ್ನೂ ನಿಲ್ಲಿಸಿ, ಆ ಸೀಮೆಯ ಅತ್ಯಂತ ಹಿರಿಯ ಕಸಾಯಿಯತ್ತ ತಿರುಗಿ, ನೀವೇ ಶುರು ಮಾಡಿ ಎಂದಿದ್ದರೆ? ಆತ 1350 ಎಂದಿದ್ದರೆ 787 ಊಹೆಗಳು ಎಲ್ಲಿಗೆ ಹೋಗಿ ಸೇರುತ್ತಿದ್ದವು? ಈ ಕಥೆಯಲ್ಲಿ ನನಗೆ ಎತ್ತಿಗಿಂತಲೂ ಗಾಲ್ಟನ್ನರಿಗಿಂತಲೂ ಮುಖ್ಯವಾಗಿ ಕಾಣುವುದು ಆ ಚೀಟಿ. ನಡುವಿನ ಅಂಕಿಯನ್ನೇ ಗಾಲ್ಟನ್ ಆರಿಸಿಕೊಂಡದ್ದರ ಹಿಂದೆಯೂ ಇಂಥದ್ದೇ ಕಾಳಜಿ ಇತ್ತು. ಸರಾಸರಿ ತೆಗೆದರೆ ವಿಪರೀತ ಸಂಖ್ಯೆ ಬರೆದವನ ಕೈಗೆ ಎಲ್ಲರಿಗಿಂತ ಹೆಚ್ಚು ಬಲ ಬರುತ್ತದೆ. ಮಧ್ಯಾಂಕದಲ್ಲಿ ಪ್ರತಿ ಚೀಟಿಗೂ ಒಂದೇ ಮತ.

ಇದರಲ್ಲಿ ಪವಾಡವೇನೂ ಇಲ್ಲ, ಶುದ್ಧ ಅಂಕಗಣಿತ ಅಷ್ಟೇ. ಸರಿಯುತ್ತರ 100 ಎಂದಿಟ್ಟುಕೊಳ್ಳಿ. ಒಬ್ಬರು 80 ಎಂದರು, ಇನ್ನೊಬ್ಬರು 130 ಎಂದರು. ಒಬ್ಬರ ತಪ್ಪು 20, ಇನ್ನೊಬ್ಬರದ್ದು 30. ಇಬ್ಬರ ಸರಾಸರಿ 105, ತಪ್ಪು ಐದೇ. ಇಬ್ಬರೂ ಒಂದೇ ಕಡೆ ತಪ್ಪಿ 110 ಮತ್ತು 130 ಎಂದಿದ್ದರೆ ಸರಾಸರಿ 120, ಅಂದರೆ ಇಬ್ಬರ ತಪ್ಪಿನ ಸರಾಸರಿಯಷ್ಟೇ ತಪ್ಪು. ಲಾಭವಿಲ್ಲ, ನಷ್ಟವೂ ಇಲ್ಲ. ಗುಂಪಿನ ತಪ್ಪು ಎಷ್ಟು ಇಳಿಯುತ್ತದೆ ಎಂಬುದು ಸದಸ್ಯರು ಎಷ್ಟು ನಿಪುಣರು ಎಂಬುದರ ಜೊತೆಗೆ ಅವರ ತಪ್ಪುಗಳು ಎಷ್ಟು ಬೇರೆ ಬೇರೆ ದಿಕ್ಕಿನಲ್ಲಿವೆ ಎಂಬುದನ್ನೂ ಅವಲಂಬಿಸಿದೆ. ಇಷ್ಟು ಸರಳವಾದದ್ದನ್ನೂ ನಾವು ಒಳಗಿನಿಂದ ನಂಬುವುದಿಲ್ಲ. ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸಾಲ್ 2006ರಲ್ಲಿ ತೋರಿಸಿದಂತೆ, ಸರಾಸರಿ ತೆಗೆದರೆ ಸಿಗುವುದು ಸಾಧಾರಣ ಮಟ್ಟದ ಉತ್ತರ ಎಂದೇ ಬಹಳಷ್ಟು ಮಂದಿ ಭಾವಿಸುತ್ತಾರೆ. ಹಾಗಾಗಿ ಗುಂಪಿನಲ್ಲಿ ಬಲ್ಲವರು ಯಾರು ಎಂದು ಹುಡುಕಿ ಅವರ ಬೆನ್ನು ಹಿಡಿಯುತ್ತೇವೆ. ಹೌದು ಅಲ್ಲ ಎಂಬ ತೀರ್ಪುಗಳಿಗೂ ಇದೇ ಗಣಿತ ಅನ್ವಯಿಸುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಬರೆದಿದ್ದರು. ಪ್ರತಿಯೊಬ್ಬ ತೀರ್ಪುಗಾರನೂ ನೂರಕ್ಕೆ ಅರವತ್ತು ಸಲ ಸರಿಯಾಗಿದ್ದರೆ, ಅಂಥ 11 ಮಂದಿಯ ಬಹುಮತ ನೂರಕ್ಕೆ ಎಪ್ಪತ್ತೈದು ಸಲ ಸರಿ. 101 ಮಂದಿಯಾದರೆ ತೊಂಬತ್ತೆಂಟರ ಹತ್ತಿರ. ಆದರೆ ಒಬ್ಬೊಬ್ಬರೂ ಅರ್ಧಕ್ಕಿಂತ ಕಡಿಮೆ ಸಲ ಸರಿಯಾಗುವವರಾದರೆ ಜನ ಹೆಚ್ಚಿದಷ್ಟೂ ಬಹುಮತ ತಪ್ಪಿನ ಕಡೆಗೇ ಧಾವಿಸುತ್ತದೆ. ಮತ್ತೆ ಇದೆಲ್ಲವೂ ಒಬ್ಬರು ಇನ್ನೊಬ್ಬರನ್ನು ನೋಡಿ ಬರೆಯದಿದ್ದರೆ ಮಾತ್ರ.

ಗೆರೆಗಳ ಮುಂದೆ ಕುಳಿತವನು

ನೋಡಿ ಬರೆಯುವ ವಿಷಯಕ್ಕೆ ಬಂದರೆ ಮನಃಶಾಸ್ತ್ರಜ್ಞ ಸಾಲಮನ್ ಆಶ್ ಅವರನ್ನು ದಾಟಿ ಹೋಗಲಾಗದು. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ ಕೆಲಸ ತೀರಾ ಸುಲಭ: ಒಂದು ಗೆರೆಯನ್ನು ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಎಂದು ಕೇಳುವುದು. ಸಾಲಿನಲ್ಲಿ ಕುಳಿತವರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಿಟ್ಟವರು. ಅವರು 18 ಸುತ್ತುಗಳಲ್ಲಿ 12 ಸಲ ಒಕ್ಕೊರಲಿನಿಂದ ತಪ್ಪು ಗೆರೆಯನ್ನು ಹೆಸರಿಸಿದರು. ಸಾಲಿನ ಕೊನೆಯ ಭಾಗದಲ್ಲಿ ಕುಳಿತ ಆ ಒಬ್ಬನ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗುಂಪಿನ ತಪ್ಪನ್ನೇ ಅನುಸರಿಸಿದವು. ಒಬ್ಬನೇ ಕುಳಿತು ಉತ್ತರಿಸಿದಾಗ ತಪ್ಪುಗಳು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇದನ್ನು ಓದಿದವರು ಮನುಷ್ಯ ಎಷ್ಟು ದುರ್ಬಲ, ಎಲ್ಲರೂ ಗುಂಪಿನಲ್ಲಿ ಗೋವಿಂದ ಎನ್ನುವವರೇ ಎಂದು ನಿಟ್ಟುಸಿರಿಡುತ್ತಾರೆ. ನಾನು ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಲು ಬಯಸುತ್ತೇನೆ. ಉತ್ತರಗಳಲ್ಲಿ ಮೂರನೇ ಎರಡು ಪಾಲು ಗುಂಪಿಗೆ ಎದುರಾಗಿಯೇ ನಿಂತವು. ಪ್ರಯೋಗಕ್ಕೆ ಒಳಪಟ್ಟವರಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ಒಂದು ಸಲವೂ ಬಾಗಲಿಲ್ಲ. ಆಶ್ ಅವರಿಗೂ ಬಾಗಿದವರಷ್ಟೇ ಬಾಗದವರ ಬಗ್ಗೆ ಆಸಕ್ತಿಯಿತ್ತು.

ಆ ಪ್ರಯೋಗದ ಎರಡು ಮಾರ್ಪಾಡುಗಳು ನನ್ನ ಸಮಿತಿಯ ಅನುಭವಕ್ಕೆ ನೇರವಾಗಿ ತಾಗುತ್ತವೆ. ಸಾಲಿನಲ್ಲಿ ಸರಿಯುತ್ತರ ಹೇಳುವ ಇನ್ನೊಬ್ಬ ಜೊತೆಗಾರನಿದ್ದರೆ ಗುಂಪಿನ ಹಿಡಿತ ಥಟ್ಟನೆ ಸಡಿಲವಾಯಿತು, ತಪ್ಪಿಗೆ ತಲೆಬಾಗುವುದು ಕಾಲು ಭಾಗಕ್ಕೆ ಇಳಿಯಿತು. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಹಾಳೆಯಲ್ಲಿ ಬರೆಯಲು ಬಿಟ್ಟಾಗಲೂ ತಪ್ಪುಗಳು ಬಹಳ ಕಡಿಮೆಯಾದವು. ಕಣ್ಣು ಅದೇ, ಗೆರೆ ಅದೇ, ಕಿವಿಗೆ ಬಿದ್ದ ಮಾತೂ ಅದೇ. ಬದಲಾದದ್ದು ಎಲ್ಲರೆದುರು ಬಾಯಿ ತೆರೆಯಬೇಕೇ ಬೇಡವೇ ಎಂಬುದೊಂದೇ. ಐದೂವರೆ ಬರೆದು ಎಂಟು ಹೇಳಿದವರಿಗೂ ನಾಲ್ಕು ಬರೆದು ಏಳು ಹೇಳಿದವರಿಗೂ ನಡುವೆ ಒಬ್ಬರೇ ಒಬ್ಬರು ತಮ್ಮ ಪೆನ್ಸಿಲ್ ಅಂಕವನ್ನು ಹಾಗೆಯೇ ಓದಿ ಹೇಳಿದ್ದರೆ ಉಳಿದವರ ಬಾಯಿಗೆ ಬೇರೆ ಅಂಕಗಳು ಬರುತ್ತಿದ್ದವು ಎಂದು ಅಂದಿನಿಂದಲೂ ನನಗೆ ಅನಿಸುತ್ತಲೇ ಇದೆ.

ಆದರೂ ಆ ಸದಸ್ಯೆಯನ್ನು ಪುಕ್ಕಲು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವರ ಜಾಗದಲ್ಲಿ ನಿಂತು ಯೋಚಿಸಿದರೆ ಅವರು ಮಾಡಿದ್ದರಲ್ಲಿ ಒಂದು ತರ್ಕವಿದೆ. ತನ್ನಷ್ಟೇ ಓದಿದ ನಾಲ್ವರು ಒಬ್ಬರಾದ ಮೇಲೆ ಒಬ್ಬರು ಎಂಟರ ಆಸುಪಾಸಿನ ಅಂಕ ಹೇಳಿದ್ದಾರೆ. ನಾಲ್ವರಿಗೂ ಕಂಡದ್ದು ನನಗೊಬ್ಬಳಿಗೆ ಕಾಣದೆ ಹೋಯಿತೇ ಎಂದು ಅನುಮಾನಿಸುವುದು ವಿನಯವಂತರ ಲಕ್ಷಣ. 1992ರಲ್ಲಿ ಸುಶೀಲ್ ಬಿಖ್‌ಚಂದಾನಿ, ಡೇವಿಡ್ ಹರ್ಷ್‌ಲೈಫರ್ ಮತ್ತು ಐವೋ ವೆಲ್ಷ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೊಂದು ಗಣಿತದ ಚೌಕಟ್ಟು ಕೊಟ್ಟರು. ಜನ ಸರದಿಯಲ್ಲಿ ನಿರ್ಧರಿಸುವಾಗ ಮೊದಲಿನ ಕೆಲವರು ಒಂದೇ ಕಡೆ ಹೋದರೆ, ಮುಂದಿನವನು ತನ್ನ ಬಳಿಯ ಸುಳಿವನ್ನು ಬದಿಗಿಟ್ಟು ಅವರನ್ನು ಹಿಂಬಾಲಿಸುವುದೇ ಜಾಣತನದ ಲೆಕ್ಕವಾಗುತ್ತದೆ. ಅವನ ಹಿಂದಿನವನಿಗೂ ಅದೇ ಲೆಕ್ಕ. ಹೀಗೆ ಎಲ್ಲರೂ ವಿವೇಕದಿಂದಲೇ ನಡೆದುಕೊಂಡರೂ, ಎರಡು ಮೂರನೆಯವರ ಆಚೆಗೆ ಯಾರ ಬಳಿಯ ಸುಳಿವೂ ಮೇಜಿನ ಮೇಲೆ ಬರುವುದೇ ಇಲ್ಲ. ನೋಡುವವರಿಗೆ ಹತ್ತು ಸಾಕ್ಷಿಗಳು ಕಾಣುತ್ತವೆ, ಇರುವುದು ಎರಡೇ. ಅಂದು ನಮಗೆ ಸಿಗದೆ ಹೋದದ್ದು ಸದಸ್ಯೆಯ ಧೈರ್ಯವಲ್ಲ, ಶಿಫಾರಸು ಪತ್ರದ ಬಗ್ಗೆ ಅವರು ಕಂಡುಕೊಂಡಿದ್ದ ಒಂದು ಸಂಗತಿ. ಅದನ್ನು ಕಳೆದದ್ದು ಅವರಲ್ಲ, ಸರದಿ.

ಅಧಿಕಾರ, ಮುಜುಗರ, ಹಿರಿಯರ ಮರ್ಯಾದೆ ಯಾವುದೂ ಇಲ್ಲದ ಕಡೆಯೂ ಇದು ನಡೆಯುತ್ತದೆಯೇ? ಯಾನ್ ಲೊರೆನ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ಇಡೀ ಸಾಹಿತ್ಯದಲ್ಲೇ ಹೆಚ್ಚು ಕಸಿವಿಸಿ ತಂದದ್ದು. ಜ್ಯೂರಿಕ್‌ನ 144 ವಿದ್ಯಾರ್ಥಿಗಳಿಗೆ ಸ್ವಿಟ್ಜರ್ಲೆಂಡಿನ ಜನಸಾಂದ್ರತೆ, ಇಟಲಿಯೊಂದಿಗಿನ ಗಡಿಯ ಉದ್ದ ಇಂಥ ಪ್ರಶ್ನೆಗಳನ್ನು ಕೊಟ್ಟರು. ಸರಿಯುತ್ತರಕ್ಕೆ ಹತ್ತಿರವಿದ್ದರೆ ಹಣ. ಯಾರ ಮುಖವನ್ನೂ ನೋಡಬೇಕಿಲ್ಲ, ಯಾರಿಗೂ ಉತ್ತರ ಹೇಳಬೇಕಿಲ್ಲ. ಕೆಲವರಿಗೆ ಮಾತ್ರ ಪ್ರತಿ ಸುತ್ತಿನ ನಂತರ ಉಳಿದವರು ಏನು ಬರೆದಿದ್ದಾರೆ ಎಂದು ತೋರಿಸಿ, ಬೇಕಿದ್ದರೆ ಬದಲಿಸಿ ಎಂದರು. ಅಷ್ಟಕ್ಕೇ ಊಹೆಗಳು ಒಂದರ ಹತ್ತಿರ ಒಂದು ಸರಿದವು. ಸರಿದದ್ದು ಸತ್ಯದ ಕಡೆಗಾಗಿದ್ದರೆ ದೂರಲು ಏನೂ ಇರಲಿಲ್ಲ; ಗುಂಪಿನ ಒಟ್ಟು ತಪ್ಪು ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಸತ್ಯ ಆ ಊಹೆಗಳ ವ್ಯಾಪ್ತಿಯ ಅಂಚಿಗೆ ಸರಿಯಿತು, ಎಷ್ಟೋ ಸಲ ಅದರಿಂದ ಹೊರಗೇ ಉಳಿಯಿತು. ಇಷ್ಟಾದರೂ ತಮ್ಮ ಉತ್ತರದ ಬಗ್ಗೆ ಅವರಿಗಿದ್ದ ವಿಶ್ವಾಸ ಮಾತ್ರ ಏರಿತ್ತು. ತಪ್ಪು ಇದ್ದಲ್ಲೇ ಇದ್ದು, ಅನುಮಾನ ಮಾತ್ರ ಕರಗಿಹೋಗುವುದು ಎಂದರೆ ಗುಂಪಿಗೆ ಅದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಅನುಮಾನ ಉಳಿದಿದ್ದರೆ ಇನ್ನೊಮ್ಮೆ ವಿಚಾರಿಸುತ್ತಿದ್ದರು.

ಮೊಬೈಲ್ ಪರದೆಯ ಮೇಲೆ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡಿದ್ದಾರೆ ಎಂಬುದು ಕಾಣುವಂತೆ ಪರಸ್ಪರ ಸಂಬಂಧವಿಲ್ಲದ ಎಂಟು ಲೋಕಗಳನ್ನು ಮಾಡಿದ್ದರು. ಒಂದೊಂದು ಲೋಕದಲ್ಲಿ ಒಂದೊಂದು ಹಾಡು ಮೇಲೆ ಬಂತು. ತುಂಬಾ ಒಳ್ಳೆಯದು ತೀರಾ ಕೆಳಗಿಳಿದದ್ದು ಅಪರೂಪ, ತುಂಬಾ ಕಳಪೆಯದು ಗೆದ್ದದ್ದೂ ಅಪರೂಪ, ನಡುವಿನವುಗಳ ಹಣೆಬರಹ ಮೊದಲು ಬಂದವರ ಕೈಯಲ್ಲಿತ್ತು. 2013ರ ಇನ್ನೊಂದು ಪ್ರಯೋಗದಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ ಸುದ್ದಿತಾಣವೊಂದರ ಪ್ರತಿಕ್ರಿಯೆಗಳಿಗೆ ಮನಬಂದಂತೆ ಒಂದೊಂದು ಮೆಚ್ಚುಗೆಯ ಮತವನ್ನು ಮೊದಲೇ ಹಾಕಿಟ್ಟರು. ಆ ಒಂದೇ ಮತ ಕೊನೆಯ ಅಂಕವನ್ನು ಸರಾಸರಿ ಶೇಕಡಾ 25ರಷ್ಟು ಏರಿಸಿತು. ಮೊದಲೇ ಹಾಕಿದ ತೆಗಳಿಕೆಯ ಮತವನ್ನಾದರೆ ಮುಂದೆ ಬಂದವರು ಸರಿಪಡಿಸಿದರು. ಅನ್ಯಾಯದ ತೆಗಳಿಕೆ ಕಣ್ಣಿಗೆ ಚುಚ್ಚುತ್ತದೆ. ಅನ್ಯಾಯದ ಹೊಗಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರ ಮಂದಿ ಮೆಚ್ಚಿದ್ದಾರೆ ಎಂಬ ಅಂಕಿಯನ್ನು ಕಂಡಾಗ, ಅದರಲ್ಲಿ ಎಷ್ಟು ಮಂದಿ ಹಿಂದಿನ ಅಂಕಿಯನ್ನು ನೋಡದೆ ಮೆಚ್ಚಿದರು ಎಂದು ನಾನು ಈಗ ಕೇಳಿಕೊಳ್ಳುತ್ತೇನೆ.

ಹಾಗಾದರೆ ಮಾತೇ ಬೇಡವೇ?

ಇಲ್ಲಿಯವರೆಗೆ ಓದಿದವರಿಗೆ ಎಲ್ಲರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಚೀಟಿ ತೆಗೆದುಕೊಂಡು, ಲೆಕ್ಕ ಮಾಡಿ ಮನೆಗೆ ಕಳಿಸಿಬಿಡಿ ಎಂದು ನಾನು ಹೇಳುತ್ತಿದ್ದೇನೆ ಎನಿಸಬಹುದು. ಹಾಗಲ್ಲ. ಮಾತಿಗೆ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ, ಅದನ್ನು ನಾನು ಇನ್ನೊಂದು ಗುಂಪಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಳೆಯ ಕೈಬರಹದ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅದು. ಎಷ್ಟು ವಾರ ಬೇಕಾಗುತ್ತದೆ ಎಂಬುದನ್ನು ಅಂದಾಜು ಮಾಡಬೇಕಿತ್ತು. ಕೆಲಸದ ಹೊಣೆ ಹೊತ್ತಿದ್ದ ಮಹಿಳೆ ಮಾತು ಶುರುವಾಗುವ ಮೊದಲೇ ಎಲ್ಲರಿಗೂ ಒಂದೊಂದು ತುಂಡು ಕಾಗದ ಹಂಚಿ, ಸಂಖ್ಯೆಯನ್ನು ಬರೆದು ಮಡಚಿ ಕೊಡಿ ಎಂದರು. ಬಿಡಿಸಿ ನೋಡಿದರೆ ಬಹುತೇಕ ಎಲ್ಲವೂ ಹತ್ತಕ್ಕೂ ಹದಿನಾಲ್ಕಕ್ಕೂ ನಡುವೆ. ಒಂದರಲ್ಲಿ ಮಾತ್ರ ಮೂವತ್ತು. "ಮೂವತ್ತು ಬರೆದವರು ಮೊದಲು ಮಾತಾಡಲಿ" ಎಂದರು ಅವರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಗುಂಪಿನಲ್ಲೇ ಕಿರಿಯನಾದ ಸಹಾಯಕ ಎದ್ದು ನಿಂತ. "ಮಧ್ಯದ ಸಂಪುಟಗಳನ್ನು ಬಿಚ್ಚಿ ನೋಡಿದ್ದೀರಾ ಮೇಡಂ? ಮಸಿ ಹಿಂಬದಿಗೆ ಇಳಿದಿದೆ. ಎರಡು ಬದಿಯ ಬರಹವೂ ಒಂದರ ಮೇಲೊಂದು ಕಾಣುತ್ತದೆ. ಅಂಥ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ." ಉಳಿದವರೆಲ್ಲ ಮೊದಲ ಸಂಪುಟಗಳನ್ನಷ್ಟೇ ನೋಡಿದ್ದರು. ಅವನ ಮಾತು ಕೇಳಿದ ಮೇಲೆ ಇನ್ನೊಬ್ಬರಿಗೆ ಒಂದು ವಿಷಯ ಹೊಳೆಯಿತು: ಹಾಗೆ ಹಾಳಾದ ಸಂಪುಟಗಳಲ್ಲಿ ಕೆಲವಕ್ಕೆ ನಕಲು ಪ್ರತಿಗಳಿದ್ದವು, ಅವು ಚೆನ್ನಾಗಿದ್ದವು. ಕೆಲಸ ಮುಗಿದದ್ದು ಕೊನೆಗೆ ಹದಿನಾಲ್ಕಕ್ಕೂ ಮೂವತ್ತಕ್ಕೂ ನಡುವೆ. ಹುಡುಗನ ಸಂಖ್ಯೆಯೂ ಸರಿಯಿರಲಿಲ್ಲ, ಉಳಿದವರದ್ದೂ ಸರಿಯಿರಲಿಲ್ಲ. ಆದರೆ ಅವರ ತಪ್ಪುಗಳು ಸತ್ಯದ ಎರಡು ಬದಿಗಳಲ್ಲಿದ್ದವು, ಮತ್ತು ಅವುಗಳ ಹಿಂದಿನ ಕಾರಣಗಳು ಮೇಜಿನ ಮೇಲೆ ಬಂದವು.

ಆ ಹುಡುಗ ಮೊದಲೇ ಬರೆದಿರದಿದ್ದರೆ ಆ ಮಾತು ಹೊರಬರುತ್ತಿತ್ತೇ? ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಅವರ 1985ರ ಪ್ರಯೋಗವನ್ನು ಓದಿದ ಮೇಲೆ ನನಗೆ ಅನುಮಾನವೇ. ಅವರು ನಾಲ್ವರ ಗುಂಪುಗಳಿಗೆ ಅಭ್ಯರ್ಥಿಗಳ ಬಗ್ಗೆ ಮಾಹಿತಿ ಹಂಚಿದರು. ಕೆಲವು ಸಂಗತಿಗಳು ಎಲ್ಲರ ಹಾಳೆಯಲ್ಲೂ ಇದ್ದವು, ಕೆಲವು ಒಬ್ಬೊಬ್ಬರ ಹಾಳೆಯಲ್ಲಿ ಮಾತ್ರ. ಚೂರುಗಳನ್ನೆಲ್ಲ ಕೂಡಿಸಿದರೆ ಯಾರು ಉತ್ತಮ ಎಂಬುದು ತಿಳಿಯುತ್ತಿತ್ತು. ಗುಂಪುಗಳು ಮಾತಾಡಿದವು, ಆದರೆ ಎಲ್ಲರಿಗೂ ಮೊದಲೇ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಮಾತಾಡಿದವು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಅವರ ಬಳಿಯೇ ಉಳಿಯಿತು. ಸಭೆಗಳಲ್ಲಿ ಕುಳಿತ ಯಾರಿಗಾದರೂ ಇದು ಗೊತ್ತು: ಎಲ್ಲರೂ ತಿಳಿದದ್ದನ್ನು ಹೇಳಿದರೆ ನಾಲ್ಕು ತಲೆಗಳು ಆಡುತ್ತವೆ, ಹೇಳಿದವರಿಗೂ ಹಿತವಾಗುತ್ತದೆ. ಹೊಸದನ್ನು ಹೇಳಿದರೆ ಮೌನ. ಆ ಮೌನವನ್ನು ದಾಟಿಸಲು ಯಾರಾದರೂ "ಮೂವತ್ತು ಬರೆದವರು ಮೊದಲು ಮಾತಾಡಲಿ" ಎನ್ನಬೇಕು.

ಮೊದಲು ಬರೆದು ಆಮೇಲೆ ಮಾತಾಡಿದರೆ ಎಷ್ಟು ಲಾಭ ಎಂಬುದಕ್ಕೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡೆದ ಪ್ರಯೋಗವೊಂದಿದೆ. 2018ರಲ್ಲಿ ಹೊಕ್ವಿನ್ ನವಾಹಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಭಾಷಣ ಕೇಳಲು ಬಂದು ನೆರೆದಿದ್ದ ಐದು ಸಾವಿರಕ್ಕೂ ಹೆಚ್ಚು ಜನರಿಗೆ ಐಫೆಲ್ ಗೋಪುರದ ಎತ್ತರ ಎಷ್ಟು ಎಂಬಂಥ ಪ್ರಶ್ನೆಗಳನ್ನು ಕೊಟ್ಟರು. ಮೊದಲು ಒಬ್ಬೊಬ್ಬರೇ ಬರೆದರು. ಆಮೇಲೆ ಐವರೈವರಾಗಿ ಚರ್ಚಿಸಿ ಒಂದು ಒಪ್ಪಿತ ಉತ್ತರಕ್ಕೆ ಬಂದರು. ಅಂಥ ನಾಲ್ಕೇ ನಾಲ್ಕು ಸಣ್ಣ ಗುಂಪುಗಳ ಉತ್ತರಗಳ ಸರಾಸರಿ, ಸಾವಿರಾರು ಜನರ ಒಂಟಿ ಊಹೆಗಳ ಸರಾಸರಿಗಿಂತ ಸತ್ಯಕ್ಕೆ ಹತ್ತಿರವಿತ್ತು. ಗುಂಪಿನೊಳಗೆ ಜನ ಕಾರಣಗಳನ್ನು ಹಂಚಿಕೊಂಡರು, ಆದರೆ ಗುಂಪು ಗುಂಪುಗಳ ನಡುವೆ ಯಾವ ಮಾತೂ ಹರಿಯಲಿಲ್ಲ. ಚರ್ಚೆಯೂ ಉಳಿಯಿತು, ವೈವಿಧ್ಯವೂ ಉಳಿಯಿತು. ಮಾತು ಗುಂಪನ್ನು ಕೆಡಿಸುತ್ತದೆ ಎಂದು ಸಾರಾಸಗಟಾಗಿ ಹೇಳುವವರ ಜೊತೆ ನಾನು ನಿಲ್ಲದಿರುವುದು ಈ ಕಾರಣಕ್ಕೆ. ಮಾತು ಎಷ್ಟು ಎಂಬುದಕ್ಕಿಂತ ಯಾವಾಗ ಶುರುವಾಗುತ್ತದೆ ಎಂಬುದು ಹೆಚ್ಚು ಮುಖ್ಯ.

ಅನುಭವಕ್ಕೆ ಬೆಲೆಯಿಲ್ಲವೇ?

ಚೀಟಿಯ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೂ ಹಿರಿಯರು ಕೇಳುವ ಪ್ರಶ್ನೆ ಇದು, ಮತ್ತು ಇದು ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷ ಆ ಕೆಲಸ ಮಾಡಿದವರ ಅಂದಾಜಿಗೂ ನಿನ್ನೆ ಸೇರಿದವರ ಅಂದಾಜಿಗೂ ಒಂದೇ ತೂಕವೇ? ಸಂಶೋಧನೆ ಇಲ್ಲಿ ಹಿರಿಯರ ಪರವಾಗಿಯೂ ಮಾತಾಡುತ್ತದೆ. 2010ರಲ್ಲಿ ಬಹಾದೂರ್ ಬಹ್ರಾಮಿ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಕೂರಿಸಿ, ಮಸುಕಾದ ಚಿತ್ರಗಳಲ್ಲಿನ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಕೆಲಸ ಕೊಟ್ಟರು. ಇಬ್ಬರ ಸಾಮರ್ಥ್ಯವೂ ಹೆಚ್ಚುಕಡಿಮೆ ಒಂದೇ ಇದ್ದು, ತಮಗೆಷ್ಟು ಖಾತ್ರಿಯಿದೆ ಎಂಬುದನ್ನು ಪರಸ್ಪರ ಹೇಳಿಕೊಂಡಾಗ ಜೋಡಿ ಇಬ್ಬರಲ್ಲಿ ಉತ್ತಮನಾದವನನ್ನೂ ಮೀರಿಸಿತು. ಒಬ್ಬನ ಸಾಮರ್ಥ್ಯ ತೀರಾ ಕಡಿಮೆಯಿದ್ದಾಗ ಜೋಡಿಯಾಗಿದ್ದೇ ನಷ್ಟ. ರಾಲ್ಫ್ ಕುರ್ವರ್ಸ್ ಮತ್ತು ಸಂಗಡಿಗರು 2016ರಲ್ಲಿ ಸ್ತನ ಮತ್ತು ಚರ್ಮದ ಕ್ಯಾನ್ಸರ್ ಪತ್ತೆಹಚ್ಚುವ ವೈದ್ಯರ ತೀರ್ಪುಗಳನ್ನು ಕೂಡಿಸಿ ನೋಡಿದಾಗಲೂ ಹೀಗೆಯೇ: ನಿಖರತೆ ಸಮೀಪವಿದ್ದ ವೈದ್ಯರ ಸ್ವತಂತ್ರ ತೀರ್ಪುಗಳನ್ನು ಕೂಡಿಸಿದರೆ ಲಾಭ, ಅಂತರ ದೊಡ್ಡದಾದರೆ ಲಾಭವಿಲ್ಲ. ಹಾಗಾಗಿ ಬಲ್ಲವರಿಗೆ ಹೆಚ್ಚು ತೂಕ ಕೊಡುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ತೂಕವನ್ನು ಅಳೆಯುವ ರೀತಿಯ ಬಗ್ಗೆ. ಹಿಂದಿನ ಅಂದಾಜುಗಳು ಎಷ್ಟು ಸಲ ಸರಿಬಂದವು ಎಂಬ ದಾಖಲೆಯನ್ನು ನೋಡಿ ತೂಕ ಕೊಡಲಿ. ಕುರ್ಚಿಯ ಸ್ಥಾನ ನೋಡಿ, ದನಿಯ ಗಾತ್ರ ಕೇಳಿ ಕೊಡುವುದು ಬೇಡ. ಮತ್ತೆ, ನಿಜವಾಗಿ ಬಲ್ಲವರಿಗೆ ಕೊನೆಯಲ್ಲಿ ಮಾತಾಡುವುದರಿಂದ ನಷ್ಟವೇನೂ ಇಲ್ಲ. ಅವರ ಕಾರಣಗಳಿಗೆ ಆಗಲೂ ಅಷ್ಟೇ ಬಲವಿರುತ್ತದೆ.

ಚೀಟಿಯಿಂದಲೂ ಬಗೆಹರಿಯದ ಸಂಕಟವೊಂದಿದೆ: ಎಲ್ಲರೂ ಬೇರೆ ಬೇರೆ ಕುಳಿತೇ ಒಂದೇ ತಪ್ಪು ಮಾಡುವುದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಫಿಲಡೆಲ್ಫಿಯಾ ಹೌದೇ ಎಂದು ಕೇಳಿದರೆ ಹೆಚ್ಚಿನವರು ಹೌದು ಎನ್ನುತ್ತಾರೆ, ಏಕೆಂದರೆ ಅದು ದೊಡ್ಡ, ಹೆಸರುವಾಸಿ ನಗರ. ರಾಜಧಾನಿ ಹ್ಯಾರಿಸ್‌ಬರ್ಗ್. ಇಲ್ಲಿ ಎಷ್ಟು ಸಾವಿರ ಚೀಟಿ ಸೇರಿಸಿದರೂ ತಪ್ಪು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಡ್ರಾಜೆನ್ ಪ್ರೆಲೆಕ್, ಸೆಬಾಸ್ಟಿಯನ್ ಸಂಗ್ ಮತ್ತು ಜಾನ್ ಮೆಕಾಯ್ 2017ರಲ್ಲಿ ಸೂಚಿಸಿದ ಉಪಾಯ ನನಗೆ ತುಂಬಾ ಇಷ್ಟವಾಯಿತು. ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ: ನಿಮ್ಮ ಉತ್ತರವೇನು? ಉಳಿದವರಲ್ಲಿ ಎಷ್ಟು ಮಂದಿ ಹೌದು ಎನ್ನುತ್ತಾರೆ? ಫಿಲಡೆಲ್ಫಿಯಾ ಎನ್ನುವವರು ಬಹುತೇಕ ಎಲ್ಲರೂ ತಮ್ಮ ಹಾಗೆಯೇ ಹೇಳುತ್ತಾರೆ ಎಂದುಕೊಳ್ಳುತ್ತಾರೆ. ಹ್ಯಾರಿಸ್‌ಬರ್ಗ್ ಗೊತ್ತಿದ್ದವರಿಗೆ ತಮ್ಮ ಉತ್ತರದ ಜೊತೆಗೆ ಉಳಿದವರು ಎಲ್ಲಿ ಎಡವುತ್ತಾರೆ ಎಂಬುದೂ ಗೊತ್ತಿರುತ್ತದೆ. ಹಾಗಾಗಿ ಅವರೂ ಹೆಚ್ಚಿನವರು ಹೌದು ಎನ್ನುತ್ತಾರೆ ಎಂದೇ ಊಹಿಸುತ್ತಾರೆ. ಕೊನೆಗೆ 'ಅಲ್ಲ' ಎಂಬ ಉತ್ತರಕ್ಕೆ ಎಲ್ಲರೂ ಊಹಿಸಿದ್ದಕ್ಕಿಂತ ಹೆಚ್ಚು ಮತ ಬೀಳುತ್ತದೆ. ಹಾಗೆ ನಿರೀಕ್ಷೆ ಮೀರಿದ ಉತ್ತರವನ್ನೇ ಆರಿಸಿ ಎನ್ನುತ್ತಾರೆ ಅವರು, ಅದು ಅಲ್ಪಮತದ್ದಾದರೂ. ಬಹುಮತಕ್ಕೆ ಗೊತ್ತಿಲ್ಲದ್ದು ಗುಂಪಿನೊಳಗೆ ಎಲ್ಲೋ ಇರಬಹುದು, ಅದನ್ನು ಕೇಳುವ ಬಗೆ ಬೇರೆ ಇರಬೇಕು ಎಂಬ ಆ ಯೋಚನೆಯಲ್ಲಿ ನನಗೆ ದೊಡ್ಡ ಔದಾರ್ಯ ಕಾಣುತ್ತದೆ.

ಅಲ್ಪಮತ ತಪ್ಪಾಗಿದ್ದರೂ ಉಪಯೋಗವಿದೆ ಎಂದು ದಶಕಗಳ ಕಾಲ ತೋರಿಸುತ್ತ ಬಂದವರು ಶಾರ್ಲನ್ ನೆಮೆತ್. ಒಬ್ಬರು ಗಟ್ಟಿಯಾಗಿ ಬೇರೆ ಮಾತು ಹೇಳಿದಾಗ ಉಳಿದವರು ಅದನ್ನು ಒಪ್ಪದಿದ್ದರೂ ಹೆಚ್ಚು ಕಡೆಗಳಿಂದ ಯೋಚಿಸತೊಡಗುತ್ತಾರೆ. ಆದರೆ ವಿರೋಧಿಸಲೆಂದೇ ಒಬ್ಬರಿಗೆ ಪಾತ್ರ ಹಂಚಿದರೆ ಅಷ್ಟು ಫಲವಿಲ್ಲ ಎಂಬುದನ್ನೂ ಅವರ 2001ರ ಅಧ್ಯಯನ ಕಂಡಿತು. ನಟಿಸಿದ ಭಿನ್ನಮತವನ್ನು ಜನ ಗುರುತಿಸಿಬಿಡುತ್ತಾರೆ. ನಿಜವಾಗಿ ಒಪ್ಪದವರೇ ಬೇಕು, ಅಂಥವರು ಪ್ರತಿ ಗುಂಪಿನಲ್ಲೂ ಪೆನ್ಸಿಲ್ ಹಿಡಿದು ಮೊದಲೇ ಕುಳಿತಿರುತ್ತಾರೆ.

ಗುಂಪೇ ಇಲ್ಲದವರು ಏನು ಮಾಡಬೇಕು? ಒಬ್ಬರೇ ಕುಳಿತು ಅಂದಾಜು ಮಾಡುವಾಗಲೂ ಈ ಗಣಿತದ ಒಂದು ತುಣುಕು ದಕ್ಕುತ್ತದೆ. ಎಡ್ವರ್ಡ್ ವುಲ್ ಮತ್ತು ಹೆರಲ್ಡ್ ಪ್ಯಾಶ್ಲರ್ 2008ರಲ್ಲಿ ಒಬ್ಬರಿಗೇ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿ ಎರಡು ಉತ್ತರಗಳ ಸರಾಸರಿ ತೆಗೆದರು. ಅದು ಎರಡರಲ್ಲಿ ಯಾವುದೊಂದಕ್ಕಿಂತಲೂ ಸರಾಸರಿಯಾಗಿ ಉತ್ತಮವಾಗಿತ್ತು. ಮರುವರ್ಷ ಸ್ಟೀಫನ್ ಹೆರ್ಟ್ಸಾಗ್ ಮತ್ತು ರಾಲ್ಫ್ ಹೆರ್ಟ್‌ವಿಗ್ ಇದನ್ನು ಇನ್ನಷ್ಟು ಮುಂದೆ ಒಯ್ದರು: ನಿಮ್ಮ ಮೊದಲ ಉತ್ತರ ತಪ್ಪು ಎಂದುಕೊಳ್ಳಿ, ಏಕೆ ತಪ್ಪಿರಬಹುದು ಎಂದು ಕಾರಣ ಹುಡುಕಿ, ಆಮೇಲೆ ಎರಡನೆಯ ಉತ್ತರ ಬರೆಯಿರಿ, ಎರಡರ ನಡುವನ್ನು ಹಿಡಿಯಿರಿ. ಯಾವುದಾದರೂ ಕೆಲಸಕ್ಕೆ ಎಷ್ಟು ಸಮಯ ಬೇಕು ಎಂದು ಲೆಕ್ಕ ಹಾಕುವಾಗ ನಾನು ಈಗ ಹೀಗೆಯೇ ಮಾಡುತ್ತೇನೆ, ಮೊದಲ ಸಂಖ್ಯೆಯನ್ನು ಬರೆದು ಮುಚ್ಚಿಟ್ಟು, ಕೆಲವು ದಿನ ಬಿಟ್ಟು ಮತ್ತೆ ಬರೆಯುತ್ತೇನೆ. ಆದರೆ ವುಲ್ ಮತ್ತು ಪ್ಯಾಶ್ಲರ್ ಅದಕ್ಕೊಂದು ಅಳತೆಯನ್ನೂ ಕೊಟ್ಟಿದ್ದಾರೆ. ಕೂಡಲೇ ನಮ್ಮನ್ನೇ ಎರಡನೆಯ ಸಲ ಕೇಳಿಕೊಂಡರೆ ಸಿಗುವ ಲಾಭ, ಇನ್ನೊಬ್ಬರನ್ನು ಕೇಳಿದರೆ ಸಿಗುವುದರ ಹತ್ತನೇ ಒಂದು ಪಾಲು. ಮೂರು ವಾರ ಬಿಟ್ಟು ಕೇಳಿಕೊಂಡರೆ ಅದು ಮೂರನೇ ಒಂದು ಪಾಲಿಗೆ ಏರುತ್ತದೆ. ಉಳಿದ ಎರಡು ಪಾಲಿಗೆ ಇನ್ನೊಬ್ಬರ ಬಳಿಗೇ ಹೋಗಬೇಕು, ಅದೂ ನಮ್ಮ ಉತ್ತರವನ್ನು ಅವರಿಗೆ ಹೇಳುವ ಮೊದಲು.